ಗಂಡಸರ ಪಂಕ್ತಿಯ ಸಾರ್ಜೆಂಟ್ ಮೆಣಸಿನಕಾಯಿ

ಸಿದ್ಧಲಿಂಗೇಶ ನಡೆದು ಬರುತ್ತಿದ್ದಾನೆಂಬುದು ಅವನು ಕಣ್ಣಿಗೆ ಬೀಳುವ ಮೊದಲೇ ನಮ್ಮ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಹಿಮ್ಮಡಿಯನ್ನು ಮೊದಲು ಊರಿ, ಆ ನೆಲ ತನ್ನ ಭಾರವನ್ನು ಒಪ್ಪಿಕೊಂಡಿತೋ ಇಲ್ಲವೋ ಎಂದು ಅರೆಕ್ಷಣ ವಿಚಾರಿಸಿ, ಆಮೇಲಷ್ಟೇ ಇನ್ನೊಂದು ಕಾಲನ್ನು ಕರೆಸಿಕೊಳ್ಳುವ ಆ ನಡಿಗೆಗೆ ಅಮೆರಿಕದ ಮಾರಿಸ್‌ವಿಲ್ಲಿನ ನಮ್ಮ ಬಡಾವಣೆಯಲ್ಲಿ ಸಾಲಾಗಿ ನಿಂತ ಟೊಯೋಟಾಗಳ ಅಲಾರಮುಗಳು ತಾವಾಗಿ ಕೂಗಿಕೊಳ್ಳುತ್ತಿದ್ದವು; ಓಕ್ ಮರದ ಅಳಿಲುಗಳು ನೆಟ್ಟಗೆ ನಿಂತು ಬಾಲವನ್ನು ಹಣೆಗೆ ಮುಟ್ಟಿಸುತ್ತಿದ್ದವು. ನಾನು ಇದ್ದದ್ದನ್ನು ತುಸು ಹಿಗ್ಗಿಸಿ ಹೇಳುತ್ತೇನೆಂದು ನನ್ನ ಹೆಂಡತಿ ಸರೋಜಿನಿಯ ಆರೋಪ. ಆದರೆ ಐದಡಿಯ ಮೇಲೆ ನಾಲ್ಕಂಗುಲ ದಾಟದ ಒಬ್ಬ ಮನುಷ್ಯ ಆರೂವರೆ ಅಡಿಯವನ ಹಾಗೆ ನಡೆಯುತ್ತಿದ್ದ ಎಂಬಷ್ಟನ್ನು ಅವಳೂ ಒಪ್ಪುತ್ತಾಳೆ.

ಅವನ ಮಾತು ನಡಿಗೆಗಿಂತ ಗಿಡ್ಡ. ಏನು ಹೇಳಿದರೂ ಉತ್ತರ ಒಂದೇ: "ಟ್ರ್ಯಾಕಿಂಗ್, ಅಂಕಲ್." ಅವನು ದುಡಿಯುತ್ತಿದ್ದ ಅಮೆರಿಕದ ಸೈನ್ಯದಲ್ಲಿ ಅದಕ್ಕೆ 'ಅರ್ಥವಾಯಿತು' ಎಂದು ಅರ್ಥವಂತೆ. ನನ್ನ ಮೊಣಕಾಲು ನೋವಿನ ಸಮಗ್ರ ಇತಿಹಾಸವನ್ನು ಅರ್ಧ ಗಂಟೆ ನಿವೇದಿಸಿದರೂ ಟ್ರ್ಯಾಕಿಂಗ್. ಚಹಾ ಬೇಕೇ ಎಂದು ಕೇಳಿದರೂ ಟ್ರ್ಯಾಕಿಂಗ್. ಅದರಿಂದ ಚಹಾ ಬೇಕೋ ಬೇಡವೋ ಎಂಬುದು ಮಾತ್ರ ಎಂದೂ ತಿಳಿಯದೆ, ಸರೋಜಿನಿ ಪ್ರತಿ ಸಲವೂ ಅರ್ಧ ಲೋಟ ಕೊಟ್ಟು ಸಂಶಯದ ಲಾಭವನ್ನು ಇಬ್ಬರಿಗೂ ಹಂಚುತ್ತಿದ್ದಳು.

ಅವನ ತಂದೆ ಶಿವಬಸಪ್ಪನವರೂ ತಾಯಿ ಮಹಾದೇವಕ್ಕನವರೂ ಬಾಗಲಕೋಟೆ ಕಡೆಯವರು. ಅವರದು ಆ ಸೀಮೆಯ ಖಾರವಾದ ಅಡ್ಡಹೆಸರು, ಮೆಣಸಿನಕಾಯಿ. ಶಿವಬಸಪ್ಪ ರಸ್ತೆ, ಸೇತುವೆಗಳ ಇಂಜಿನಿಯರು; ಕಾಂಕ್ರೀಟಿನಷ್ಟೇ ಮಾತನಾಡುವವರು. ನಾನು ಕಾರ್ಕಳದವನು, ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧಿ ಕಂಪನಿಯೊಂದರಲ್ಲಿ ಇಲಿಗಳಿಗೆ ಗುಳಿಗೆ ತಿನ್ನಿಸಿ ನಿವೃತ್ತನಾದವನು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ, ಅದರಲ್ಲಿ ರೊಟ್ಟಿಯ ತಟ್ಟೆ ಹಾಯುವಷ್ಟು ಅಗಲದ ಒಂದು ಕಂಡಿ. ಸೈನ್ಯದಲ್ಲಿ ಎಲ್ಲರನ್ನೂ ಅಡ್ಡಹೆಸರಿನಿಂದಲೇ ಕರೆಯುವುದು ಪದ್ಧತಿ. ಸಿದ್ಧಲಿಂಗೇಶ ಸೇರಿದ ಹೊಸತರಲ್ಲಿ ಕವಾಯತಿನ ಗುರು ಬೆಳಗಿನ ಹಾಜರಿಯಲ್ಲಿ 'ಮೆಣಸಿನಕಾಯಿ' ಎಂದು ಆರಂಭಿಸಿದರೆ ಮುಗಿಸುವಷ್ಟರಲ್ಲಿ ಮಧ್ಯಾಹ್ನದ ಊಟದ ಗಂಟೆ ಬಾರಿಸುತ್ತಿತ್ತಂತೆ. ಕೊನೆಗೆ ದೇಶದ ಭದ್ರತೆಯ ದೃಷ್ಟಿಯಿಂದ ಅದನ್ನು 'ಸಾರ್ಜೆಂಟ್ ಎಂ' ಎಂದು ಕಿರಿದುಗೊಳಿಸಲಾಯಿತು.

ಸಿದ್ಧಲಿಂಗೇಶ ಟ್ರಾನ್ಸ್‌ಜೆಂಡರ್. ಹುಟ್ಟಿದಾಗ ಆಸ್ಪತ್ರೆಯವರು ಹೆಣ್ಣೆಂದು ಬರೆದುಕೊಂಡಿದ್ದರು, ಮನೆಯವರು ಹೆಣ್ಣಿನ ಹೆಸರನ್ನೇ ಇಟ್ಟಿದ್ದರು, ಆ ಹೆಸರಿನಲ್ಲೇ ಅವನು ಸೈನ್ಯವನ್ನೂ ಸೇರಿದ್ದ. ಆ ಹೆಸರು ಈಗ ನನಗೆ ಮರೆತುಹೋಗಿದೆ. ಎಪ್ಪತ್ತೈದರ ಮರೆವು ನನಗೆ ಮಾಡಿದ ಏಕೈಕ ಉಪಕಾರ ಅದು. ಎರಡು ಸಾವಿರದ ಇಪ್ಪತ್ತೊಂದರಲ್ಲಿ ಇಂಥವರು ತಮ್ಮ ನಿಜವನ್ನು ಮುಚ್ಚಿಡದೆ ಸೇವೆಯಲ್ಲಿರಬಹುದೆಂದು ಬಾಗಿಲು ತೆರೆದಾಗ, ಅವನು ಮೊದಲು ತನ್ನ ಮೇಲಧಿಕಾರಿಗೆ ಹೇಳಿದ. ತಂದೆತಾಯಿಗೆ ಹೇಳಲು ಅದರ ಮೇಲೆ ವರ್ಷ ಹಿಡಿಯಿತು. ಏಕೆಂದು ಕೇಳಿದ್ದಕ್ಕೆ ಅವನು ಕೊಟ್ಟ ವಿವರಣೆ ನನ್ನ ನೆನಪಿನಲ್ಲಿ ಕೂತಿದೆ.

"ಆರ್ಮಿಗೆ ಹೇಳೋದು ಈಸಿ ಅಂಕಲ್. ದೇ ಹ್ಯಾವ್ ಎ ಫಾರ್ಮ್. ಅಮ್ಮನ ಹತ್ರ ಫಾರ್ಮ್ ಇಲ್ಲ."

ಕೊನೆಗೆ ಹೇಳಿದ. ಶಿವಬಸಪ್ಪ ಬಹಳ ಹೊತ್ತು ಯೋಚಿಸಿ, ಸೇತುವೆಯೊಂದರ ಭಾರವನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವವರ ಹಾಗೆ ಕಣ್ಣು ಕಿರಿದು ಮಾಡಿ, "ಅಂದ್ರ ಈಗ ಕಾರಿನ ಇನ್ಷೂರೆನ್ಸಿನಾಗ ಹೆಸರು ಬದಲ್ ಮಾಡಿಸ್ಬೇಕೇನು?" ಎಂದರು. ಹೌದೆಂದ ಮೇಲೆ ಎದ್ದು ಹೋಗಿ ಇನ್ಷೂರೆನ್ಸಿನವರಿಗೆ ಫೋನು ಮಾಡಿದರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಮಹಾದೇವಕ್ಕ ಒಳಗೆ ಹೋಗಿ ಹಿಟ್ಟು ನಾದಿದರು. ಮುಂದಿನ ಕೆಲವು ವಾರಗಳ ಕಾಲ ಆ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಮಾತ್ರ ಕೇಳಿಬರುತ್ತಿತ್ತು. ಆ ಬಡಿತಕ್ಕೆ ನಮ್ಮ ಗೋಡೆಯ ಚಿತ್ರಪಟಗಳು ಒಂದೊಂದಾಗಿ ಓರೆಯಾದವು.

ಆ ಮನೆಯ ಊಟದ ಕ್ರಮವನ್ನು ಇಲ್ಲಿ ಹೇಳಬೇಕು. ಅಮೆರಿಕಕ್ಕೆ ಬಂದು ಮೂವತ್ತು ವರ್ಷವಾಗಿದ್ದರೂ, ಡಿಶ್‌ವಾಶರೂ ತಂಪುಗಾಳಿಯ ಯಂತ್ರವೂ ಬಂದಿದ್ದರೂ, ಮಹಾದೇವಕ್ಕನ ಭಾನುವಾರದ ಊಟದಲ್ಲಿ ಗಂಡಸರದು ಮೊದಲ ಪಂಕ್ತಿ. ದೊಡ್ಡ ಮೇಜಿನಲ್ಲಿ ಗಂಡಸರು ಕೂತು ಮುಗಿಸಿದ ಮೇಲೆ ಹೆಂಗಸರು. ಗಂಡಸಿಗೆ ನಾಲ್ಕು ರೊಟ್ಟಿ, ಅದರ ಮೇಲೆ ಬೆಣ್ಣೆ, ಕೊನೆಗೆ ಶೇಂಗಾ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಹೆಣ್ಣುಮಕ್ಕಳಿಗೆ ಎರಡು. ಎಷ್ಟು ಬೇಕೆಂದು ಅವರು ಯಾರನ್ನೂ ಕೇಳಿದವರಲ್ಲ. ತಟ್ಟೆಯ ಮುಂದೆ ಕೂತವರನ್ನು ಒಮ್ಮೆ ನೋಡಿ ಹಾಕಿಬಿಡುವುದೇ ರೂಢಿ, ಬೇಡವೆಂದು ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಹಾಕುವುದು. ಸರೋಜಿನಿ ಒಬ್ಬಳೇ ಈ ಶಾಸನವನ್ನು ಮೊದಲ ದಿನವೇ ಮುರಿದು, "ನನಗೆ ಹಸಿವಾದರೆ ತಲೆ ತಿರುಗ್ತದೆ ಮಹಾದೇವಕ್ಕ, ನಾನು ಈಗಲೇ ಕೂರುವವಳು" ಎಂದು ಮೇಜಿನ ಮೂಲೆ ಹಿಡಿದವಳು. ಕರಾವಳಿಯವರಿಗೆ ಅಷ್ಟು ಬುದ್ಧಿ ಕಡಿಮೆ ಎಂದು ಮಹಾದೇವಕ್ಕ ಕ್ಷಮಿಸಿದ್ದರು.

ಹಾಗಿರಲು ಒಂದು ಭಾನುವಾರ ನಾವೆಲ್ಲ ಕೂತಿದ್ದೇವೆ. ಸಿದ್ಧಲಿಂಗೇಶ ವಾಡಿಕೆಯಂತೆ ಹೆಂಗಸರ ಪಂಕ್ತಿಗೆ ಕಾಯಲು ಅಡುಗೆಮನೆಯ ಎತ್ತರದ ಕುರ್ಚಿಯ ಕಡೆ ಹೊರಟಿದ್ದ. ಮಹಾದೇವಕ್ಕ ನನಗೂ ಶಿವಬಸಪ್ಪನವರಿಗೂ ನಡುವೆ ಒಂದು ತಟ್ಟೆಯನ್ನು ಟಣ್ಣನೆ ಇಟ್ಟು, ಯಾರ ಮುಖವನ್ನೂ ನೋಡದೆ ಹೇಳಿದರು.

"ಅಲ್ಲೆಲ್ಲಿ ಹೊಂಟಿ? ಇಲ್ಲಿ ಕುಂದರು."

ಅವನು ಕೂತ. ನಾಲ್ಕು ರೊಟ್ಟಿ ಬಂದವು. ಬೆಣ್ಣೆ ಬಂತು. ಹೋಳಿಗೆ ಬಂತು. ತುಪ್ಪ ಸುರಿಯುವಾಗ ಆ ತಾಯಿಯ ಕೈ ಸ್ವಲ್ಪ ಹೆಚ್ಚೇ ವಾಲಿತು. ಸೈನ್ಯ ಅವನನ್ನು ಗಂಡೆಂದು ದಾಖಲಿಸಲು ವೈದ್ಯರು, ಅಧಿಕಾರಿಗಳು, ನ್ಯಾಯಾಲಯ ಎಲ್ಲ ಸೇರಿ ಎಷ್ಟೋ ತಿಂಗಳು ಬೇಕಾಗಿತ್ತು; ಮಹಾದೇವಕ್ಕ ಅದನ್ನು ಒಂದು ಸೌಟು ತುಪ್ಪದಲ್ಲಿ ಮುಗಿಸಿದರು. ಅವನು ತಲೆ ಎತ್ತದೆ ನಾಲ್ಕನ್ನೂ ತಿಂದ. ಐದನೆಯದು ಬಿತ್ತು. ಅದನ್ನೂ ತಿಂದ. ಕುತ್ತಿಗೆಯವರೆಗೆ ತುಂಬಿದ ಮನುಷ್ಯನ ಕಣ್ಣಲ್ಲಿ ನೀರು ಬರುವುದು ಸಹಜವೆಂದು ನಾವೆಲ್ಲ ಕಿಟಕಿಯ ಹೊರಗೆ ನೋಡಿದೆವು.

ಹೊಸ ಹೆಸರು ಅವನ ತಾಯಿಯ ತಂದೆಯದು. ಆ ಹಿರಿಯ ಸಿದ್ಧಲಿಂಗೇಶರು ತಮ್ಮ ಕಾಲದಲ್ಲಿ ಗರಡಿಮನೆಯ ಮುಂದಿನ ಸಂಗ್ರಾಣಿ ಕಲ್ಲನ್ನು ಎತ್ತಿ ಹೆಗಲಿಗೇರಿಸಿಕೊಂಡು, ಹಾಗೆಯೇ ಮರೆತು, ಪಕ್ಕದೂರಿನ ಸಂತೆ ಮುಗಿಸಿ ಬಂದವರೆಂದು ಮಹಾದೇವಕ್ಕ ಹೇಳುತ್ತಿದ್ದರು. ಹಿಗ್ಗಿಸಿ ಹೇಳುವ ವಿಷಯದಲ್ಲಿ ನನ್ನನ್ನೂ ಮೀರಿಸಿದವರನ್ನು ಕಂಡು ನಾನು ಬಾಯಿ ಮುಚ್ಚಿಕೊಂಡಿದ್ದೆ. ಹೆಸರಿನ ಹಿಂದೆಯೇ ಅಜ್ಜನ ಕಪ್ಪು ಉಣ್ಣೆಯ ಕೋಟೂ ಪೆಟ್ಟಿಗೆಯಿಂದ ಹೊರಬಂತು. ಮೊದಮೊದಲು ಅದು ಅವನ ಮೈಮೇಲೆ ಗೂಟಕ್ಕೆ ತೂಗುಹಾಕಿದ ಹಾಗಿತ್ತು. ಕ್ಯಾರೊಲಿನಾದ ಜುಲೈ ತಿಂಗಳ ಸೆಕೆಯಲ್ಲಿ, ಡಾಂಬರು ಕರಗಿ ಕಾರಿನ ಚಕ್ರಕ್ಕೆ ಸುತ್ತಿಕೊಳ್ಳುವ ದಿನಗಳಲ್ಲೂ, ಸಮಾರಂಭವೆಂದರೆ ಅವನು ಅದೇ ಕೋಟಿನಲ್ಲಿ ಬೆವರಿನ ಅಭಿಷೇಕ ಮಾಡಿಕೊಳ್ಳುತ್ತ ನಿಲ್ಲುತ್ತಿದ್ದ. ತೆಗೆಯೋ ಎಂದರೆ, "ಟ್ರ್ಯಾಕಿಂಗ್." ತೆಗೆಯುತ್ತಿರಲಿಲ್ಲ.

ಈಗ ಸೈನ್ಯದ ಕೋಷ್ಟಕದ ಮಾತು. ಅಲ್ಲಿ ವರ್ಷ ವರ್ಷವೂ ದೇಹದಾರ್ಢ್ಯದ ಪರೀಕ್ಷೆಯುಂಟು: ಭಾರ ಎತ್ತಬೇಕು, ದಂಡ ಹೊಡೆಯಬೇಕು, ಮೂಟೆ ಎಳೆದು ಓಡಬೇಕು, ಮೊಣಕೈ ಊರಿ ಹಲಗೆಯ ಹಾಗೆ ಮಲಗಬೇಕು, ಕೊನೆಗೆ ಎರಡು ಮೈಲಿ ಓಟ. ಅಂಕ ಕೊಡಲು ಗಂಡಸರಿಗೊಂದು ಕೋಷ್ಟಕ, ಹೆಂಗಸರಿಗೊಂದು. ಸಿದ್ಧಲಿಂಗೇಶ ಹಳೆಯ ಕೋಷ್ಟಕದಲ್ಲಿ ತನ್ನ ತುಕಡಿಗೇ ಮೊದಲಿಗ. ದಾಖಲೆಯಲ್ಲಿ ಗಂಡೆಂದು ಬದಲಾದ ಮರುಬೆಳಗ್ಗೆ, ಅದೇ ಕಾಲು, ಅದೇ ಶೂ, ಅದೇ ಓಟ, ಅವನು ಕೊನೆಯಿಂದ ಎರಡನೆಯವನು. ಕೊನೆಯವನಿಗೆ ಕಾಲು ಉಳುಕಿತ್ತು.

"ಸ್ವಲ್ಪ ದಿನ ತಡೆದು, ಪ್ರಮೋಷನ್ ಎಲ್ಲ ಆದಮೇಲೆ ಬದಲಾಯಿಸಬಹುದಿತ್ತಲ್ಲೋ" ಎಂದು ಲೌಕಿಕ ಜ್ಞಾನದ ಭಂಡಾರವಾದ ನಾನು ಹೇಳಿದೆ.

"ನೋ ಅಂಕಲ್. ಇಟ್ಸ್ ಫೇರ್. ನಾನು ಕೇಳಿದ್ದೇ ಅದನ್ನ."

ಅಲ್ಲಿಂದ ನಮ್ಮ ಬೀದಿಗೆ ಶಾಂತಿ ಹೋಯಿತು. ವಾರಾಂತ್ಯಕ್ಕೆ ಫೇಯೆಟ್‌ವಿಲ್ಲಿನ ಸೇನಾ ನೆಲೆಯಿಂದ ಮನೆಗೆ ಬಂದವನು ಸಿಕ್ಕಿದ್ದನ್ನೆಲ್ಲ ಎತ್ತತೊಡಗಿದ. ಬೀದಿಯ ಆಂಟಿಯರು ಇದನ್ನು ಎರಡೇ ದಿನದಲ್ಲಿ ಪತ್ತೆಹಚ್ಚಿದರು. ಇಂಡಿಯನ್ ಸ್ಟೋರಿನಿಂದ ಬಂದ ಸೋನಾ ಮಸೂರಿಯ ಚೀಲಗಳೆಲ್ಲ ಕಾರುಗಳ ಡಿಕ್ಕಿಯಲ್ಲಿ ಶನಿವಾರದವರೆಗೆ ಅವನಿಗಾಗಿ ಕಾಯುತ್ತಿದ್ದವು. ಅವನು ಎರಡು ಕಂಕುಳಲ್ಲಿ ಎರಡು ಚೀಲ ಹಿಡಿದು ಬೀದಿಯ ತುದಿಯಿಂದ ತುದಿಗೆ ಓಡಿ, ಪ್ರತಿ ಅಡುಗೆಮನೆಗೂ ಅಕ್ಕಿ ಮುಟ್ಟಿಸುತ್ತಿದ್ದ. ಎಳೆಯುವ ಅಭ್ಯಾಸಕ್ಕೆ ನಮ್ಮ ಕಸದ ತೊಟ್ಟಿ. ಒಂದು ದಿನ ತೊಟ್ಟಿ ಹಗುರವಾಯಿತೆಂದು ನನ್ನನ್ನು ಅದರೊಳಗೆ ಕೂರಿಸಿ ಎಳೆದ. ಬೇಲಿಯಾಚೆಯ ಬಿಳಿಯರು ಪೊಲೀಸರಿಗೆ ಫೋನು ಮಾಡಲಿಲ್ಲವೆಂಬುದು ಈ ದೇಶದ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ.

ಅವನು ಪಾಸಾದ. ಅಂಚಿನಲ್ಲಿ ಪಾಸಾದ, ಆದರೆ ಪಾಸಾದ. ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಅನಾಹುತ ಬೆಳೆಯುತ್ತಿತ್ತು, ಅದೂ ಅವನ ಸೊಂಟದ ಸುತ್ತ.

ಪ್ರತಿ ಭಾನುವಾರ ನಾಲ್ಕು ರೊಟ್ಟಿ ಮತ್ತು ಒಂದು. ಹೋಳಿಗೆ ಮತ್ತು ಒಂದು. ಸೋಮವಾರ ಹೊರಡುವಾಗ ಡಬ್ಬಿ. ಅಜ್ಜನ ಕೋಟು ಮೊದಲು ಹೊಂದಿತು, ಆಮೇಲೆ ಬಿಗಿಯಿತು. ಅದರ ಮುಂದಿನ ಯುಗಾದಿಗೆ ನಮ್ಮ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಅವನು ಧ್ವನಿವರ್ಧಕದ ಪೆಟ್ಟಿಗೆಯನ್ನು ಎತ್ತಲೆಂದು ವೇದಿಕೆಯ ಮೇಲೆ ಬಗ್ಗಿದಾಗ ಕೋಟಿನ ನಡುಗುಂಡಿ ಸಿಡಿಯಿತು. ಅದು ಸುಯ್ಯೆಂದು ಹಾರಿ, ಸ್ವಾಗತ ಭಾಷಣ ಮಾಡುತ್ತಿದ್ದ ಅಧ್ಯಕ್ಷ ಬಸವಕುಮಾರರ ಕನ್ನಡಕದ ಬಲಗಾಜನ್ನು ಮುಟ್ಟಿ, ಅಲ್ಲಿಂದ ಪುಟಿದು ಹಾರ್ಮೋನಿಯಂನ ಒಂದು ಮನೆಯನ್ನು ನುಡಿಸಿ, ಕೊನೆಗೆ ಬೇವುಬೆಲ್ಲದ ಬಟ್ಟಲಲ್ಲಿ ಬಿದ್ದು ಶಾಂತವಾಯಿತು. ಭಾಷಣ ನಿಂತಿತು. ಅಷ್ಟು ದೊಡ್ಡ ಚಪ್ಪಾಳೆಯನ್ನು ಆ ಸಭಾಂಗಣ ಅದರ ಹಿಂದೆಯೂ ಕೇಳಿರಲಿಲ್ಲ, ಮುಂದೆಯೂ ಕೇಳಿಲ್ಲ.

ಮರುದಿನ ಅವನು ಬೇಲಿಯ ಕಂಡಿಯ ಹತ್ತಿರ ಬಂದು ನಿಂತ. ಸೈನ್ಯದಲ್ಲಿ ಸೊಂಟದ ಸುತ್ತ ಟೇಪು ಹಿಡಿದು ಅಳೆಯುತ್ತಾರಂತೆ. ಅಳತೆ ಮೀರಿದರೆ ಎಚ್ಚರಿಕೆ, ಮತ್ತೂ ಮೀರಿದರೆ ಮನೆಗೆ. ಅವನಿಗೆ ಎಚ್ಚರಿಕೆ ಬಂದಿತ್ತು.

"ಅಮ್ಮನಿಗೆ ನೀವೇ ಹೇಳಿ ಅಂಕಲ್. ಕಮ್ಮಿ ಹಾಕು ಅಂತ."

"ನೀನೇ ಹೇಳೋ ಮಾರಾಯ, ಬಾಯಿ ಇಲ್ಲವಾ?"

ಅವನು ಬೇಲಿಯ ಹಲಗೆಯನ್ನು ಉಗುರಿನಿಂದ ಕೆರೆದ. "ಹೇಳ್ಬಹುದು. ಬಟ್ ಕಮ್ಮಿ ಅಂದ್ರೆ ಎಷ್ಟು? ಎರಡು. ಎರಡು ಅಂದ್ರೆ ನಾನು ಮತ್ತೆ ಆ ಕುರ್ಚಿಗೆ ಹೋಗ್ಬೇಕು."

ಆ ಮನೆಯಲ್ಲಿ ಮೂರು ಎಂಬ ಸಂಖ್ಯೆಯೇ ಇರಲಿಲ್ಲ. ಆದರೂ ದೌತ್ಯಕ್ಕೆ ಹೋದೆ. ಈ ಕಾಲದ ಹುಡುಗರು ಹೆಚ್ಚು ತಿನ್ನುವುದಿಲ್ಲ, ಆರೋಗ್ಯ, ಕೊಲೆಸ್ಟರಾಲು, ಇತ್ಯಾದಿಯಾಗಿ ಸುತ್ತಿ ಬಳಸಿ ನಾನು ವಿಷಯದ ಹತ್ತಿರ ಬರುವಷ್ಟರಲ್ಲಿ ಮಹಾದೇವಕ್ಕ ನನ್ನನ್ನು ದಿಟ್ಟಿಸಿ, "ಅಣ್ಣಾರ, ಇಪ್ಪತ್ತಾರು ವರ್ಷ ಅವಗ ಅರ್ಧ ಹೊಟ್ಟಿಗೆ ಹಾಕೇನಿ. ಅದನ್ನ ನಾ ಯಾವಾಗ ತುಂಬಿಸ್ಲಿ?" ಎಂದರು. ನಾನು ನನ್ನ ಪಾಲಿನ ಐದನೆಯ ರೊಟ್ಟಿ ತಿಂದು ಮನೆಗೆ ಬಂದೆ. "ನಿಮ್ಮನ್ನು ಕಳಿಸಿದ್ದು ರೊಟ್ಟಿ ಕಡಿಮೆ ಮಾಡ್ಲಿಕ್ಕೆ ಅಲ್ವಾ ಮಾರಾಯ್ರೆ?" ಎಂದು ಸರೋಜಿನಿ ನನ್ನ ಮೀಸೆಗಂಟಿದ ಬೆಣ್ಣೆಯನ್ನು ನೋಡುತ್ತ ಕೇಳಿದಳು.

ಹೀಗಾಗಿ ಅವನು ಎರಡನ್ನೂ ಹೊತ್ತ. ಭಾನುವಾರ ತಾಯಿಯ ಕೋಷ್ಟಕಕ್ಕೆ ತಿಂದ, ಸೋಮವಾರದಿಂದ ಶನಿವಾರದವರೆಗೆ ಸರಕಾರದ ಕೋಷ್ಟಕಕ್ಕೆ ಓಡಿದ. ಟೇಪು ಹಿಡಿಯುವ ದಿನ ಬೆಳಗ್ಗೆ ಅವನು ಉಸಿರನ್ನು ಎಷ್ಟು ಹೊರಹಾಕಿದನೆಂದರೆ ಫೇಯೆಟ್‌ವಿಲ್ಲಿನಲ್ಲಿ ಹೊರಬಿಟ್ಟ ಆ ಗಾಳಿಗೆ ನೂರು ಮೈಲಿಯಾಚೆಯ ಷಾರ್ಲಟ್ಟಿನಲ್ಲಿ ಬ್ಯಾಂಕುಗಳ ಮುಂದಿನ ಬಾವುಟಗಳು ಹಾರಾಡಿದವು. ಟೇಪು ಅಳತೆಯೊಳಗೇ ಕೂಡಿಕೊಂಡಿತು. ಎಚ್ಚರಿಕೆ ಕಳಚಿತು. ಮಹಾದೇವಕ್ಕನಿಗೆ ಇದಾವುದೂ ಗೊತ್ತಾಗಲಿಲ್ಲ.

ಎರಡು ಸಾವಿರದ ಇಪ್ಪತ್ತೈದರ ಆರಂಭದಲ್ಲಿ ವಾಷಿಂಗ್ಟನ್ನಿನಿಂದ ಆದೇಶ ಬಂತು. ಟ್ರಾನ್ಸ್‌ಜೆಂಡರ್ ಆದವರು ಸೈನಿಕ ಸೇವೆಗೆ ತಕ್ಕವರಲ್ಲ. ತಾವಾಗಿ ಹೊರಡುವವರು ಇಂಥ ದಿನದೊಳಗೆ ಹೊರಡತಕ್ಕದ್ದು, ಹೊರಡದವರನ್ನು ಕಳುಹಿಸಲಾಗುವುದು. ನ್ಯಾಯಾಲಯಗಳಲ್ಲಿ ಕೆಲವು ತಿಂಗಳು ಜಗ್ಗಾಟ ನಡೆದು, ಮೇ ತಿಂಗಳಲ್ಲಿ ಆದೇಶಕ್ಕೆ ದಾರಿ ಸಲೀಸಾಯಿತು. ಸಿದ್ಧಲಿಂಗೇಶ ಆ ವಾರ ಮನೆಗೆ ಬಂದಾಗ ಅವನ ನಡಿಗೆಯಲ್ಲಿ ವ್ಯತ್ಯಾಸವೇನೂ ಇರಲಿಲ್ಲ. ಹಿಮ್ಮಡಿ ಮಾತ್ರ ನೆಲವನ್ನು ಸ್ವಲ್ಪ ಜಾಸ್ತಿ ಹೊತ್ತು ವಿಚಾರಿಸುತ್ತಿತ್ತು. ತುಕಡಿಯ ವಾರ್ಷಿಕ ಪರೀಕ್ಷೆ ಆ ತಿಂಗಳೇ ಇತ್ತು. ಹೊರಡುವವನಿಗೆ ಪರೀಕ್ಷೆ ಏಕೆ ಎಂದು ಅವನ ಕ್ಯಾಪ್ಟನ್ನೇ ಕೇಳಿದ್ದನಂತೆ.

"ನೀನು ಏನಂದೆ?"

"ಹೋಗ್ತೀನಿ ಸರ್, ಬಟ್ ಫೇಲಾಗಿ ಹೋಗಲ್ಲ ಅಂದೆ." ಮತ್ತೆ ಸೇರಿಸಿದ, "ತಕ್ಕವರಲ್ಲ ಅಂತ ಬರೆದಿದಾರೆ ಅಂಕಲ್. ಒಂದ್ಸಲ ಅಳೆದು ನೋಡ್ಲಿ."

ಪರೀಕ್ಷೆಯ ದಿನ ಶಿವಬಸಪ್ಪನವರಿಗೆ ಎಲ್ಲೋ ಸೇತುವೆಯ ತಪಾಸಣೆ. ಹೆದ್ದಾರಿಯಲ್ಲಿ ಕಾರು ಓಡಿಸಲು ಮಹಾದೇವಕ್ಕನಿಗೆ ಅಂಜಿಕೆ. ಹಾಗಾಗಿ ಅವರನ್ನೂ, ಅವರ ತೊಡೆಯ ಮೇಲಿನ ಸ್ಟೀಲಿನ ಡಬ್ಬಿಯನ್ನೂ ಹೊತ್ತು ನಾನೇ ಹೊರಟೆ. ಬಹುದೂರದವರೆಗೆ ಪೈನ್ ಮರಗಳನ್ನು ನೋಡುತ್ತಿದ್ದವರು ಫಕ್ಕನೆ ಕೇಳಿದರು.

"ಅಣ್ಣಾರ, ತಕ್ಕವ ಅಲ್ಲ ಅಂದ್ರ ಏನ್ರೀ? ಅವಂದು ಏನ್ ಕಡಿಮಿ ಬಿತ್ತು?"

"ಕಡಿಮೆ ಏನೂ ಬಿದ್ದಿಲ್ಲಕ್ಕ. ಒಂದು ಸಲ ಮಾತ್ರ ಸ್ವಲ್ಪ ಹೆಚ್ಚಾಗಿತ್ತು" ಎಂದವನು, ಬಾಯಿತಪ್ಪಿ ಆರಂಭಿಸಿದ್ದನ್ನು ನಿಲ್ಲಿಸಲಾಗದೆ, ಟೇಪಿನ ಕತೆಯನ್ನೂ ಎರಡು ರೊಟ್ಟಿಯ ಕುರ್ಚಿಯ ಕತೆಯನ್ನೂ ಪೂರ್ತಿ ಹೇಳಿದೆ. ನನ್ನ ಜೀವಮಾನದಲ್ಲಿ ಯಾವ ಅಲಂಕಾರವನ್ನೂ ಸೇರಿಸದೆ ಹೇಳಿದ ಏಕೈಕ ಕತೆ ಅದು. ಅವರು ಡಬ್ಬಿಯ ಮುಚ್ಚಳವನ್ನು ಎರಡು ಕೈಯಲ್ಲೂ ಒತ್ತಿ ಹಿಡಿದುಕೊಂಡರು. ನೆಲೆಯ ಹೆಬ್ಬಾಗಿಲಲ್ಲಿ ಪ್ರವೇಶದ ಚೀಟಿ ಪಡೆಯುವಾಗ, ಡಬ್ಬಿಯಲ್ಲಿ ಏನಿದೆ ಎಂದು ಕಾವಲಿನವನು ಕೇಳಿದ್ದಕ್ಕೆ, "ರೊಟ್ಟಿ. ಓನ್ಲಿ ರೊಟ್ಟಿ" ಎಂದರು, ತಪ್ಪೊಪ್ಪಿಗೆಯ ದನಿಯಲ್ಲಿ.

ಮೈದಾನದ ತಂತಿಬೇಲಿಯ ಪಕ್ಕ ನಾವು ನಿಂತೆವು. ಅಂಕ ಹಾಕುವವಳು ಜಾರ್ಜಿಯಾದ ಮೇಕನ್ ಊರಿನ ಒಬ್ಬ ಆಜಾನುಬಾಹು ಹೆಂಗಸು, ಸಿದ್ಧಲಿಂಗೇಶನ ಜೊತೆಗಾತಿ ಸಾರ್ಜೆಂಟ್. ಅವಳ ನೆರಳಿನಲ್ಲಿ ಇಬ್ಬರು ಸೈನಿಕರು ವಿಶ್ರಾಂತಿ ಪಡೆಯುತ್ತಿದ್ದರು. ಅವನ ಸರದಿ ಬಂದಾಗ ಅವಳು ಕ್ಯಾಪ್ಟನ್ನನ್ನು ಕರೆದಳು. ತೊಡಕು ಇಷ್ಟೇ: ಹೊಸ ಆದೇಶದ ಪ್ರಕಾರ ಹುಟ್ಟಿದಾಗ ಬರೆದುಕೊಂಡದ್ದೇ ಲೆಕ್ಕ, ಅಂದರೆ ಇವನಿಗೆ ಹೆಂಗಸರ ಕೋಷ್ಟಕ. ಕ್ಯಾಪ್ಟನ್ ಒಳ್ಳೆಯವನು, ಎಳೆಯ ಮುಖದವನು. ಅವನು ಸಿದ್ಧಲಿಂಗೇಶನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ್ದು ನಮಗೆ ಕೇಳಿಸಿತು. ಆ ಕೋಷ್ಟಕದಲ್ಲಿ ನೀನು ನಡೆದುಕೊಂಡು ಹೋದರೂ ಪಾಸು, ಓಡಿದರೆ ಪೂರ್ತಿ ಅಂಕ. ಒಳ್ಳೆಯ ದಾಖಲೆಯೊಂದಿಗೆ ಹೊರಡು. ಇನ್ನೊಂದು ಕೋಷ್ಟಕದಲ್ಲಿ ನೀನು ಏನು ಮಾಡಿದರೂ ಅದನ್ನು ಬರೆಯಲು ನನ್ನ ಬಳಿ ಜಾಗವಿಲ್ಲ.

"ನೀವು ಎಲ್ಲಿ ಬೇಕಾದ್ರೂ ಬರ್ಕೊಳ್ಳಿ ಸರ್" ಎಂಬರ್ಥದ್ದನ್ನು ಅವನು ಇಂಗ್ಲಿಷಿನಲ್ಲಿ ಹೇಳಿದ. "ನಾನು ಓಡೋದು ಗಂಡಸರ ಟೈಮಿಗೆ."

ಮಹಾದೇವಕ್ಕ ನನ್ನನ್ನು ನೋಡಿದರು. ನಾನು ಅನುವಾದಿಸಿದೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೇಲಿಯ ಬಾಗಿಲನ್ನು ದಾಟಿ, ಯಾವ ಚೀಟಿಯೂ ಅನುಮತಿಸದ ಜಾಗಕ್ಕೆ ನೇರ ನಡೆದು ಮೇಕನ್ನಿನ ಸಾರ್ಜೆಂಟಳ ಪಕ್ಕ ನಿಂತು, ಅವಳ ಕೈಯ ಗಡಿಯಾರವನ್ನು ಬೆರಳಿನಿಂದ ತೋರಿಸಿ, "ಜೆಂಟ್ಸ್ ಟೈಮ್. ವೇರ್?" ಎಂದರು. ಸಾರ್ಜೆಂಟಳು ಈ ಸೀರೆಯ ದಂಡನಾಯಕಿಯನ್ನು ಆಪಾದಮಸ್ತಕ ನೋಡಿ, ಕ್ಯಾಪ್ಟನ್ನನ್ನು ನೋಡಿ, ಕ್ಯಾಪ್ಟನ್ ಆಕಾಶವನ್ನು ನೋಡುತ್ತಿರುವುದನ್ನು ಖಚಿತಪಡಿಸಿಕೊಂಡು, ಗಡಿಯಾರದಲ್ಲಿ ಮುಳ್ಳು ಎಲ್ಲಿಗೆ ಬರುವ ಮೊದಲು ಅವನು ಬರಬೇಕೆಂಬುದನ್ನು ತೋರಿಸಿದಳು. ಸರಕಾರದ ಕಡತದಲ್ಲಿ ಜಾಗವಿಲ್ಲದ ಆ ಒಂದು ಅಂಕವನ್ನು ನೋಡಿಕೊಳ್ಳಲು ಈಗ ಇಬ್ಬರು ಹೆಂಗಸರೂ ಒಬ್ಬ ಮುದುಕನೂ ಇದ್ದೆವು.

ಭಾರ ಎತ್ತಿದ, ಅಜ್ಜನ ಕಲ್ಲನ್ನು ನೆನೆದನೋ ಏನೋ, ನಿರಾಯಾಸವಾಗಿ ಎತ್ತಿದ. ಎಳೆದು ಓಡುವುದರಲ್ಲಿ, ಕಸದ ತೊಟ್ಟಿಯಲ್ಲಿ ನನ್ನನ್ನು ಎಳೆದವನಿಗೆ ಆ ಮೂಟೆ ಹತ್ತಿಯಂತಿತ್ತು. ಉಳಿದದ್ದು ಓಟ. ಮೊದಲ ಸುತ್ತುಗಳು ಚೆನ್ನಾಗಿಯೇ ಹೋದವು. ಆಮೇಲೆ ಉದ್ದ ಕಾಲಿನವರು ಒಬ್ಬೊಬ್ಬರಾಗಿ ಅವನನ್ನು ಹಾದುಹೋಗತೊಡಗಿದರು. ಕೊನೆಯ ಸುತ್ತಿಗೆ ಬಂದಾಗ ಅವನ ಮುಖ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು. ಆ ಭವ್ಯವಾದ ಹಿಮ್ಮಡಿ ನೆಲವನ್ನು ವಿಚಾರಿಸುವುದನ್ನೆಲ್ಲ ಬಿಟ್ಟು ಸಿಕ್ಕಲ್ಲಿ ಬೀಳುತ್ತಿತ್ತು. ಮುಳ್ಳು ತೋರಿಸಿದ ಜಾಗದ ಹತ್ತಿರಕ್ಕೆ ಬಂದಿತ್ತು. ಮಹಾದೇವಕ್ಕ ಗಡಿಯಾರದಿಂದ ಕಣ್ಣು ಕೀಳಲಿಲ್ಲ, ಕೂಗಲಿಲ್ಲ; ಸಣ್ಣ ದನಿಯಲ್ಲಿ, ಒಲೆಯ ಮುಂದೆ ರೊಟ್ಟಿಯೊಡನೆ ಮಾತನಾಡುವ ಹಾಗೆ, "ಬಾರಪಾ. ಬಾ. ಬಾರೋ ನನ ಮಗನ" ಎಂದರು. ಗಂಡುಮಗನ ಸಂಬೋಧನೆ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟು ದೂರದಲ್ಲಿದ್ದವನಿಗೆ ಅದು ಕೇಳಿಸಿರಲು ಸಾಧ್ಯವಿಲ್ಲ. ಆದರೂ ಅವನು ಬಂದ. ಮುಳ್ಳಿಗಿಂತ ಒಂದು ಕೂದಲಿನಷ್ಟು ಮುಂಚೆ ಗೆರೆ ದಾಟಿ, ಹುಲ್ಲಿನ ಮೇಲೆ ಅಂಗಾತ ಬಿದ್ದ. ಸಾರ್ಜೆಂಟಳು ಮಹಾದೇವಕ್ಕನಿಗೆ ಹೆಬ್ಬೆರಳನ್ನು ತೋರಿಸಿ, ಕ್ಯಾಪ್ಟನ್ನಿಗೆ ಕೇಳುವ ಹಾಗೆ ಸಂಖ್ಯೆಯನ್ನು ಎರಡು ಸಲ ಹೇಳಿದಳು. ಕ್ಯಾಪ್ಟನ್ ಆಕಾಶದಿಂದ ಇಳಿದು ಬಂದು, ಬಿದ್ದವನಿಗೆ ಸೆಲ್ಯೂಟ್ ಮಾಡಿದ. ಬಿದ್ದಲ್ಲಿಂದಲೇ ಇವನೂ ಮಾಡಿದ.

ಆಮೇಲೆ ಬೇಲಿಯ ಪಕ್ಕದ ಮರದ ಬುಡದಲ್ಲಿ ಡಬ್ಬಿ ತೆರೆಯಿತು. ಮಹಾದೇವಕ್ಕ ಒಂದು ರೊಟ್ಟಿ ಹಿರಿದು ಕೈಯಲ್ಲಿ ಹಿಡಿದುಕೊಂಡು, ಅವನ ಮುಂದಿನ ಕಾಗದದ ತಟ್ಟೆಯನ್ನೂ, ಅವನ ಸೊಂಟವನ್ನೂ, ಮತ್ತೆ ತಟ್ಟೆಯನ್ನೂ ನೋಡಿದರು. ಎಷ್ಟೋ ಹೊತ್ತು ರೊಟ್ಟಿ ಗಾಳಿಯಲ್ಲಿ ನಿಂತಿತು. ಆಮೇಲೆ ನಾನು ಆ ಮನೆಯ ನೆರೆಯಲ್ಲಿದ್ದ ಅಷ್ಟೂ ವರ್ಷಗಳಲ್ಲಿ ಒಮ್ಮೆಯೂ ಕೇಳದ ಮಾತೊಂದನ್ನು ಆಡಿದರು.

"ಎಷ್ಟ ಹಾಕ್ಲೆಪಾ?"

ಅವನು ತಾಯಿಯನ್ನು ನೋಡಿದ. ನನ್ನನ್ನು ನೋಡಿದ; ನಾನು ಮರದ ಅಳಿಲನ್ನು ನೋಡಿದೆ.

"ಎಷ್ಟಿದೆ ಅಮ್ಮಾ?"

"ಭಾಳ ಅದಾವ."

"ಎಲ್ಲಾ ಹಾಕು. ಇನ್ಮೇಲೆ ಟೇಪ್ ಇಲ್ಲ." ಹಾಗೆಂದವನು ಸ್ವಲ್ಪ ಸರಿದು, ಪಕ್ಕದ ಹುಲ್ಲನ್ನು ಅಂಗೈಯಿಂದ ತಟ್ಟಿದ. "ನೀನೂ ಕೂತ್ಕೋ. ಈಗಲೇ."

ಮಹಾದೇವಕ್ಕ ಎರಡನೆಯ ಪಂಕ್ತಿಗೆ ಕಾಯದೆ ಕೂತರು. ಮೇಕನ್ನಿನ ಸಾರ್ಜೆಂಟಳೂ ಬಂದು ಕೂತು, ಶೇಂಗಾ ಚಟ್ನಿಯ ಮೊದಲ ತುತ್ತಿಗೆ ಕಣ್ಣೀರು ಸುರಿಸಿ, ಎರಡನೆಯ ರೊಟ್ಟಿ ತಾನೇ ತೆಗೆದುಕೊಂಡಳು. ಯಾರು ಎಷ್ಟು ತಿಂದರೆಂದು ಯಾರೂ ನೋಡಲಿಲ್ಲ.

ಸಿದ್ಧಲಿಂಗೇಶ ಜೂನ್ ತಿಂಗಳಲ್ಲಿ ಹೊರಬಂದ. ಬಿಡುಗಡೆಯ ಕಾಗದದಲ್ಲಿ ಏನು ಬರೆದಿತ್ತೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಈಗ ಒಂದು ಸರಕು ಸಾಗಣೆಯ ಕಂಪನಿಯಲ್ಲಿದ್ದಾನೆ. ಬೆಳಗ್ಗೆ ನಮ್ಮ ಬೀದಿಯ ನಿವೃತ್ತ ಅಂಕಲ್‌ಗಳನ್ನೆಲ್ಲ ಪಾರ್ಕಿಗೆ ಅಟ್ಟಿ ಹಲಗೆಯ ಹಾಗೆ ಮಲಗಿಸುತ್ತಾನೆ. ನಾನು ಮಲಗುವುದರಲ್ಲಿ ನಿಪುಣ, ಹಲಗೆಯಾಗುವುದರಲ್ಲಿ ಅಲ್ಲ. ಎಪ್ಪತ್ತೈದು ದಾಟಿದವರಿಗೆ ಬೇರೆ ಕೋಷ್ಟಕ ಇಲ್ಲವೇನೋ ಎಂದು ನಾನು ಗೋಗರೆದರೆ, "ಟ್ರ್ಯಾಕಿಂಗ್, ಅಂಕಲ್" ಎನ್ನುತ್ತಾನೆ. ಅಜ್ಜನ ಕೋಟಿಗೆ ಹೊಸ ಗುಂಡಿ ಬಂದಿದೆ. ಬಸವಕುಮಾರರು ಈಗ ಆ ಕೋಟಿನಿಂದ ದೂರ ನಿಂತು ಭಾಷಣ ಮಾಡುತ್ತಾರೆ.

ಈ ಜಾತಿಯ ಮನುಷ್ಯರನ್ನು ನಾನು ಈ ವಯಸ್ಸಿನಲ್ಲಿ ಹೆಚ್ಚಾಗಿ ಗಮನಿಸುತ್ತಿದ್ದೇನೆ. ನಮ್ಮಂಥ ಬಹುಜನರು ಅಳೆಯುವವರ ಮುಂದೆ ಹೊಟ್ಟೆ ಒಳಗೆಳೆದು, ಉಸಿರು ಬಿಗಿಹಿಡಿದು, ಯಾವುದು ಹಗುರವೋ ಅದರ ಕೆಳಗೆ ನುಸುಳಿಕೊಂಡು, ಆಯುಷ್ಯವನ್ನು ಪಾಸು ಮಾಡಿಕೊಂಡು ಹೋಗುತ್ತೇವೆ. ಇವರು ಮಾತ್ರ ಭಾರವಾದದ್ದನ್ನೇ ಕೇಳಿ ಪಡೆಯುತ್ತಾರೆ. ಅದು ಭಾರವೆಂದಲ್ಲ, ತಮ್ಮದೆಂದು. ಬರೆದುಕೊಳ್ಳುವವರು ಬರೆದುಕೊಳ್ಳಲಿ ಬಿಡಲಿ, ಅವರ ಓಟ ನಿಲ್ಲುವುದಿಲ್ಲ; ತಮ್ಮವರೊಬ್ಬರು ಎಲ್ಲ ಕೋಷ್ಟಕಗಳನ್ನೂ ಮರೆತು, ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಎಷ್ಟು ಬೇಕೆಂದು ಕೇಳುವವರೆಗೂ ಓಡುತ್ತಾರೆ. ಆಮೇಲೆ ಕೂತು ಡಬ್ಬಿಯನ್ನು ತಳ ಕಾಣುವವರೆಗೆ ಖಾಲಿ ಮಾಡುತ್ತಾರೆ, ಅಷ್ಟು ದೂರ ಕಾರು ಓಡಿಸಿಕೊಂಡು ಬಂದ ಮುದುಕನಿಗೆ ಒಂದು ತುಣುಕನ್ನೂ ಉಳಿಸದೆ.